‘ಬಂಗಾರದ ಮನುಷ್ಯ’ ಮತ್ತು ಕಾಯಕದ ಅರಿವು

ಸತ್ಕಥೆಯೊಂದು ಮನಸ್ಸನ್ನು ಕಲಕುವುದು ಸಹಜ. ಆ ಕಲಕು ಅರಿವಾಗಿ, ಅರಿವು ಆಚಾರವಾಗಿ ಪರಿಣಮಿಸುವುದು ಮಾತ್ರ ವಿರಳ. ಚಲನಚಿತ್ರವು ಕೇವಲ ಮನರಂಜನೆಯ ಸಾಧನವೆಂದು ಭಾವಿಸುವವರು 1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ವನ್ನು ಈ ದೃಷ್ಟಿಯಿಂದ ಪರಾಮರ್ಶಿಸಬೇಕು.

ಟಿ. ಕೆ. ರಾಮರಾಯರ ಕಾದಂಬರಿಯನ್ನಾಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ಈ ಚಿತ್ರದ ನಾಯಕ ರಾಜೀವ. ಆ ಪಾತ್ರವನ್ನು ವಹಿಸಿದವರು ರಾಜಕುಮಾರ್. ಪತಿಯನ್ನು ಕಳೆದುಕೊಂಡ ಅಕ್ಕನ ಸಂಸಾರಕ್ಕೆ ಆಸರೆಯಾಗಿ ನಿಂತ ಈ ತರುಣನು ಬಂಡೆಗಲ್ಲುಗಳ ಬರಡು ನೆಲವನ್ನು ಹಸನುಗೊಳಿಸಿ ಹೊನ್ನು ಬೆಳೆಯುತ್ತಾನೆ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷಗಳಷ್ಟು ಕಾಲ ನಡೆದ ಈ ಚಿತ್ರವನ್ನು ಕಂಡು, ಪಟ್ಟಣವನ್ನು ತೊರೆದು ಒಕ್ಕಲುತನಕ್ಕೆ ಮರಳಿದವರುಂಟೆಂಬ ಮಾತು ನಾಡಿನಲ್ಲಿ ಇಂದಿಗೂ ಪ್ರಚಲಿತವಾಗಿದೆ.

ಆದರೆ ಇಲ್ಲಿ ಒಂದು ಎಚ್ಚರ ಅವಶ್ಯ. ವರುಷಗಳ ಬೆವರನ್ನು ತೆರೆಯು ಒಂದು ಹಾಡಿನಲ್ಲಿ ಮುಗಿಸಬಲ್ಲುದು. ಹೊಲವು ಹಾಗೆ ಮುಗಿಸಲೊಲ್ಲದು. ಮಳೆ, ಸಾಲ, ಪೇಟೆಯ ಧಾರಣೆ ಇವು ಯಾವ ಕಥೆಗೂ ಅಧೀನವಲ್ಲ. ರಾಜೀವನ ಸಮೃದ್ಧಿಯನ್ನಷ್ಟೇ ಕಂಡು ಹಳ್ಳಿಗೆ ನಡೆದವನ ಉತ್ಸಾಹವು ಮೊದಲ ಬರಗಾಲದಲ್ಲಿಯೇ ಬತ್ತೀತು.

ಚಿತ್ರದ ನಿಜವಾದ ತಿರುಳು ಅದರ ಕೊನೆಯಲ್ಲಿದೆ. ತಾನು ಸಾಕಿ ಸಲಹಿದ ಸೋದರಳಿಯನಿಂದಲೇ ನಿಂದೆಯ ಮಾತು ಕೇಳಿದ ರಾಜೀವನು ತಾನು ಬೆಳೆಸಿದ ಐಸಿರಿಯನ್ನು ಬಿಟ್ಟು ಮೌನವಾಗಿ ತೆರಳುತ್ತಾನೆ. ಈ ಮೌನದಿಂದ ಅನ್ಯಾಯಕ್ಕೆ ಉತ್ತರ ದೊರೆಯಲಿಲ್ಲವೆಂಬ ಆಕ್ಷೇಪಣೆ ಸಲ್ಲತಕ್ಕದ್ದೇ. ಆದರೂ ದುಡಿಮೆಯನ್ನು ಒಪ್ಪಿಕೊಂಡು, ಅದರ ಫಲದ ಮೇಲಣ ಒಡೆತನವನ್ನು ಬಿಟ್ಟುಕೊಟ್ಟ ಆ ನಿಲುವು ಸಾಮಾನ್ಯವಾದುದಲ್ಲ.

ಶರಣರ ಕಾಯಕತತ್ತ್ವದಲ್ಲಿ ಇದಕ್ಕಿಂತ ಎತ್ತರದ ನಿದರ್ಶನವಿದೆ. ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರುವಂತೆ ಪತಿ ಮಾರಯ್ಯನಿಗೆ ತಿಳಿಹೇಳಿದವಳು ಆಯ್ದಕ್ಕಿ ಲಕ್ಕಮ್ಮ. ಅವಳು ಮನೆಯನ್ನು ತೊರೆಯಲಿಲ್ಲ. ಮನೆಯೊಳಗಿದ್ದೇ ಆಸೆಯನ್ನು ತೊರೆದಳು. ರಾಜೀವನ ತ್ಯಾಗವು ನೋವಿನ ಗಳಿಗೆಯಲ್ಲಿ ಸಂಭವಿಸಿದ್ದು. ಲಕ್ಕಮ್ಮನದು ದಿನನಿತ್ಯದ ನಡೆ.

ಕಥೆಯು ಕಿಡಿಯನ್ನು ಹೊತ್ತಿಸಬಲ್ಲುದು, ಎಣ್ಣೆಯನ್ನು ಎರೆಯಲಾರದು. ನಾಯಕನ ದುಃಖಕ್ಕಾಗಿ ಸುರಿಸಿದ ಕಣ್ಣೀರು ಚಿತ್ರಮಂದಿರದ ಬಾಗಿಲಲ್ಲಿಯೇ ಒಣಗಿದರೆ ಅದು ಬರಿಯ ರಂಜನೆ. ‘ನನ್ನ ದುಡಿಮೆ ಯಾರಿಗಾಗಿ? ಅದರಲ್ಲಿ ದಾಸೋಹಕ್ಕೆ ಸಲ್ಲುವ ಪಾಲೆಷ್ಟು?’ ಎಂಬ ಪ್ರಶ್ನೆಯು ನೋಡಿದವನೊಡನೆ ಮನೆಗೆ ಬಂದರೆ ಮಾತ್ರ ಕಥೆ ಸಾರ್ಥಕವಾಯಿತೆನ್ನಬೇಕು.