ಆಯಿಗೆ ಬೇಡವಾದ ವಂಶವೃಕ್ಷ

ತೀರ್ಥಹಳ್ಳಿಯ ಓದುಗರೊಬ್ಬರು ಗಟ್ಟಿಯಾದ ಪ್ರಶ್ನೆ ಕೇಳಿದ್ದಾರೆ: ಕಷ್ಟಪಟ್ಟು ಹುಡುಕಿದ ವಂಶಾವಳಿಯನ್ನು ಹೆತ್ತ ತಾಯಿಯೇ ಕಣ್ಣೆತ್ತಿ ನೋಡದಿದ್ದರೆ ಏನು ಮಾಡುವುದು? ನಮ್ಮ ಆಯಿಯೂ ಅಷ್ಟೆ. ಹಾಳೆ ಬಿಚ್ಚಿದರೆ ಅಡಿಕೆ ಸುಲಿಯುವ ಕೈ ನಿಲ್ಲಿಸದೆ, "ಸತ್ತವರ ಲೆಕ್ಕ ಹಿಡ್ಕಂಡು ಎಂತ ಮಾಡ್ತೆ ಅಪ್ಪಿ?" ಅನ್ನುತ್ತಾಳೆ.

ದೋಷ ಇರುವುದು ಹಾಳೆಯಲ್ಲಿ. ಪೌತಿ ಖಾತೆಗೆಂದು ನಾಡಕಚೇರಿಯಲ್ಲಿ ಮಾಡಿಸುವ ವಂಶವೃಕ್ಷವನ್ನೇ ಉದ್ದ ಎಳೆದು ನಾವು ಚರಿತ್ರೆ ಎನ್ನುತ್ತೇವೆ. ಗಂಡಸರ ಸಾಲು, ನಡುವೆ ಜಮೀನು. ಶ್ರಾದ್ಧದ ತರ್ಪಣವೇ ಇದಕ್ಕಿಂತ ಉದಾರಿ. ಅಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರು ಹಿಡಿದು ನೀರು ಬಿಡಬೇಕು. ತಾಯಿಯ ತವರಿನ ಮೂರು ತಲೆಗೂ ಪಾಲಿದೆ.

ಇನ್ನು ಅಹಿಚ್ಛತ್ರ ಪಂಗಡದವರು. ಮಯೂರವರ್ಮ ನಮ್ಮ ಪೂರ್ವಿಕರನ್ನು ಅಹಿಚ್ಛತ್ರದಿಂದ ಕರೆತಂದ ಕಥೆಯಿಂದ ಇವರು ಕೆಳಗಿಳಿಯುವುದೇ ಇಲ್ಲ. ಅಜ್ಜಿ ಯಾವೂರ ಮಗಳು ಅಂದರೆ ಮುಖ ಮುಖ ನೋಡುತ್ತಾರೆ. ಲಿಂಗಣ್ಣ ಕವಿಯ 'ಕೆಳದಿನೃಪವಿಜಯ'ವನ್ನಾದರೂ ತಿರುವಿ ಹಾಕಬಾರದೇ? ನಮ್ಮ ಸೀಮೆಯನ್ನು ಆಳಿದ ಕೆಳದಿ ಮನೆತನದ ಚರಿತ್ರೆ ಅದು. ಗಂಡ ಸೋಮಶೇಖರ ನಾಯಕನ ನಂತರ ಪಟ್ಟವೇರಿದ ಚೆನ್ನಮ್ಮಾಜಿ ಬಸಪ್ಪನನ್ನು ದತ್ತು ತೆಗೆದುಕೊಂಡಳು. 'ಶಿವತತ್ತ್ವರತ್ನಾಕರ' ರಚಿಸಿದವನು ಆ ದತ್ತುಮಗನೇ. 1763ರಲ್ಲಿ ಹೈದರಾಲಿ ಆ ಮನೆತನದ ರಾಜಧಾನಿ ಬಿದನೂರನ್ನು ಹಿಡಿದಾಗ ಅಲ್ಲಿ ಆಳುತ್ತಿದ್ದವಳು ವೀರಮ್ಮಾಜಿ. ರಕ್ತದ ಗೆರೆಯೊಂದನ್ನೇ ಎಳೆಯುವವರು ಇವರನ್ನೆಲ್ಲ ಎಲ್ಲಿ ಕೂರಿಸುತ್ತಾರೋ.

ಆಯಿಯ ತವರು ಇದ್ದದ್ದು ಸಾಗರ ತಾಲ್ಲೂಕಿನ ಶರಾವತಿ ಕಣಿವೆಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಿತು, ಊರು ಹೋಯಿತು. ವಂಶಾವಳಿ ಮಡಚಿಟ್ಟು, "ನಿಮ್ಮ ಕೇರಿಯವರು ಯಾರ್ಯಾರು ಎಲ್ಲಿಗೆ ಹೋದ್ರು?" ಅಂತ ಕೇಳಿದ ದಿನ ಅಡಿಕೆ ಸುಲಿಯುವುದು ನಿಂತಿತು. ಹೊಸನಗರದ ಕಡೆ ಹೋದವರು, ಶಿವಮೊಗ್ಗದ ಹತ್ತಿರ ಕಾಡು ಕಡಿದು ಗದ್ದೆ ಮಾಡಿದವರು, ಬಾಗಿಲು ಕಂಬ ಕಿತ್ತು ಲಾರಿಗೆ ಹೇರಿದವರು. ಯಾರ ಬಾಣಂತನ ಯಾರು ಮಾಡಿದ್ದು, ಒಕ್ಕಲೆಬ್ಬಿಸಿದ ಗಡಿಬಿಡಿಯಲ್ಲಿ ಯಾವ ಸಂಬಂಧ ಮುರಿಯಿತು, ಯಾವ ವಿಧವೆ ಅತ್ತಿಗೆಗೆ ಪರಿಹಾರದಲ್ಲಿ ಕಾಸೂ ಸಿಗಲಿಲ್ಲ. ಇದ್ಯಾವುದೂ ಪಹಣಿಯಲ್ಲಿ ಇಲ್ಲ. ನನ್ನ ಹಾಳೆಯಲ್ಲಿ ಬರೀ 'ಪತ್ನಿ' ಎಂದಿದ್ದ ನಾಲ್ಕಾರು ಜನಕ್ಕೆ ಅವತ್ತು ಹೆಸರು ಸಿಕ್ಕಿತು. ಹಾಳೆಯನ್ನು ಮಾತ್ರ ಆಯಿ ಈಗಲೂ ನೋಡುವುದಿಲ್ಲ.

ಮುಳುಗಡೆಯ ವರ್ಷ ಇಪ್ಪತ್ತರ ಸೊಸೆಯಂದಿರಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. ಕೇಳುವುದಿದ್ದರೆ ಈ ಮಳೆಗಾಲ ಮುಗಿಯುವುದರೊಳಗೆ ಕೇಳಿ.