ಕಪ್ಪಿಗೆ ಕೂಲಿ ಎಷ್ಟು?

ಬಿದರಿ ಸಾಮಾನು ಕೊಳ್ಳಲು ಹೋದವರು ಮೊದಲು ಬೆಳ್ಳಿ ನೋಡುತ್ತಾರೆ. ಕುಸುರಿ ದಟ್ಟವಾದಷ್ಟೂ ‘ಅಬ್ಬಾ, ಎಷ್ಟು ಕೆಲಸ!’ ಎನ್ನುತ್ತಾರೆ. ನನ್ನ ಕಣ್ಣು ಹೋಗುವುದು ಬೆಳ್ಳಿ ಇಲ್ಲದ ಕಪ್ಪು ಮೈಯ ಕಡೆಗೆ.

ಆ ಕಪ್ಪನ್ನು ಯಾರೂ ಬಳಿದಿರುವುದಿಲ್ಲ. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ, ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿದ ಮೈಗೆ ಮೈಲುತುತ್ತದ ನೀರು ಸವರಿ, ಗೆರೆ ಕಾಣುವಷ್ಟು ಕಪ್ಪು ಮಾಡಿಕೊಂಡು ಚಿತ್ತಾರ ಬರೆಯುತ್ತಾರೆ. ಅದನ್ನು ಉಳಿಯಿಂದ ಕೊರೆದು ಬೆಳ್ಳಿ ತಂತಿ ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಮೈಯೂ ಬೆಳ್ಳಿಯೂ ಹೆಚ್ಚುಕಡಿಮೆ ಒಂದೇ ಬಣ್ಣ. ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಕಲಸಿ, ಬಿಸಿ ಮಾಡಿದ ಮೈಗೆ ಹಚ್ಚಿದ ಮೇಲೆಯೇ ಲೋಹ ಕಪ್ಪಾಗುವುದು. ಬೆಳ್ಳಿ ಮಾತ್ರ ಹಾಗೆಯೇ ಉಳಿಯುತ್ತದೆ.

ಅಂದರೆ ಕೊನೆಯ ಗಳಿಗೆಯವರೆಗೆ ಕಾಣದ ಕಪ್ಪನ್ನು ಕಸುಬುದಾರ ಮೊದಲೇ ಮನಸ್ಸಿನಲ್ಲಿ ಲೆಕ್ಕ ಹಾಕಿರಬೇಕು. ಅಫ್ತಾಬಿ ಎಂಬ ಬಗೆಯಲ್ಲಿ ಈ ಲೆಕ್ಕವೂ ತಿರುವುಮುರುವು: ಬೆಳ್ಳಿ ತಗಡೇ ನೆಲ, ಅದರಲ್ಲಿ ಕತ್ತರಿಸಿ ತೆಗೆದ ಜಾಗದಲ್ಲಿ ಹೂಬಳ್ಳಿ ಕಪ್ಪಾಗಿ ಮೂಡುತ್ತದೆ. ಆಕಾರ ಯಾವುದು, ಖಾಲಿ ಜಾಗ ಯಾವುದು? ಇಂದಿನ ಕಲಾವಿದರು ತಲೆ ಕೆಡಿಸಿಕೊಳ್ಳುವ ಈ ಪ್ರಶ್ನೆಯನ್ನು ಬಿದರಿಯವರು ಹುಕ್ಕಾದ ಬುಡದ ಮೇಲೆಯೇ ಬಿಡಿಸಿದ್ದರು.

ಹಾಗಾಗಿ ಪೆನ್ ಡ್ರೈವ್ ಮೇಲೆ ಹಳೆಯ ಹೂವನ್ನೇ ಕಿರಿದಾಗಿಸಿ ಕೂರಿಸಿದರೆ ಅದನ್ನು ಹೊಸ ವಿನ್ಯಾಸ ಎನ್ನಲಾರೆ. ಅಗಲವಾದ ಕರಿ ಬಟ್ಟಲಿಗೆ ಅಂಚಿನಲ್ಲಿ ಒಂದೇ ಬೆಳ್ಳಿ ಗೆರೆ ಸಾಕು ಎನ್ನುವ ಡಿಸೈನರ್ ಮೇಲೆ ನನಗೆ ಗೌರವ. ನನ್ನ ತಕರಾರು ಶುರುವಾಗುವುದೂ ಅಲ್ಲೇ. ಬೆಳ್ಳಿಯ ತೂಕ, ಕುಸುರಿಯ ದಟ್ಟಣೆ ನೋಡಿ ಕೂಲಿ ಕಟ್ಟಿದರೆ ಒಂದೇ ಗೆರೆಯ ಬಟ್ಟಲಿಗೆ ಸಿಗುವುದು ಪುಡಿಗಾಸು. ಆದರೆ ಎರಕದ ಸಣ್ಣ ಕುಳಿಯನ್ನು ಕುಸುರಿ ಮರೆಸೀತು, ಬೋಳು ಮೈ ಮರೆಸದು. ಎರಕದವರಿಗೂ ಉಜ್ಜುವವರಿಗೂ ಅಲ್ಲಿ ಕೆಲಸ ಹೆಚ್ಚೇ ಹೊರತು ಕಡಿಮೆಯಲ್ಲ.

ಗ್ಯಾಲರಿಯಲ್ಲಿ ಆ ಬೋಳು ಮೈಗೇ ಬೆಲೆ. ಚೀಟಿಯ ಮೇಲೆ ಡಿಸೈನರ್ ಹೆಸರು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಬಿದರಿ ಕೈಗಳಿಗೂ ಹೆಸರುಂಟು ಎಂದು ನಾಡಿಗೆ ಗೊತ್ತಾಯಿತು. ಆ ಹೆಸರುಗಳು ಚೀಟಿಯವರೆಗೂ ಇಳಿಯಲಿ.

ಮುಂದಿನ ಸಲ ಕೊಳ್ಳುವಾಗ ಬಟ್ಟಲನ್ನು ಬೆಳಕಿಗೆ ಓರೆಯಾಗಿ ಹಿಡಿದು, ಕಪ್ಪಿನ ಮೇಲೆ ಹೆಬ್ಬೆರಳು ಆಡಿಸಿ. ಎಲ್ಲೂ ತಡೆಯದಿದ್ದರೆ, ಅದನ್ನು ಉಜ್ಜಿದವರು ಯಾರು, ಅವರಿಗೆ ಸಂದದ್ದೆಷ್ಟು ಎಂದು ಅಂಗಡಿಯವರನ್ನು ಕೇಳಿ. ಬೆಲೆ ಚೌಕಾಸಿ ಆಮೇಲೆ.