ಯುದ್ಧವಿಮಾನಗಳ ವರ್ಣಚ್ಛಾಯಾಚಿತ್ರಗಳು

ಎರಡನೆಯ ಮಹಾಯುದ್ಧವೆಂದೊಡನೆ ವಿದ್ಯಾವಂತರ ಮನಸ್ಸಿನಲ್ಲಿ ಮೂಡುವ ಚಿತ್ರಗಳು ಪ್ರಾಯಶಃ ಕಪ್ಪುಬಿಳುಪಿನವು. ಹೊಗೆ, ಕಡಲು, ವಿಮಾನದ ರೆಕ್ಕೆ, ಸೈನಿಕನ ಮುಖ, ಎಲ್ಲವೂ ಒಂದೇ ಬೂದಿಯ ಹಲವು ಛಾಯೆಗಳು. ಆ ಕಾಲದ ಆಕಾಶವೂ ಇಂದಿನಂತೆಯೇ ನೀಲಿಯಾಗಿದ್ದಿತೆಂಬುದನ್ನು ಬುದ್ಧಿಯು ಒಪ್ಪಬಹುದು. ಕಣ್ಣು ಸುಲಭವಾಗಿ ಒಪ್ಪದು. ಆದುದರಿಂದಲೇ, ಯುದ್ಧಕಾಲದಲ್ಲಿ ನಿಜವಾದ ಬಣ್ಣಗಳಲ್ಲಿಯೇ ತೆಗೆದ ವಿಮಾನಗಳ ಛಾಯಾಚಿತ್ರಗಳನ್ನು ಮೊದಲ ಬಾರಿಗೆ ಕಂಡವರು ಬೆರಗಾಗುವರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಎಂಬ ರಾಷ್ಟ್ರೀಯ ಗ್ರಂಥಭಂಡಾರದಲ್ಲಿ ಅಂತಹ ಚಿತ್ರಗಳ ಪ್ರಸಿದ್ಧವಾದೊಂದು ಸಂಗ್ರಹವಿದೆ. ಅವುಗಳ ಪೈಕಿ ಆಲ್ಫ್ರೆಡ್ ಪಾಮರ್ ಮತ್ತು ಹೋವರ್ಡ್ ಹೊಲೆಮ್ ಎಂಬಿಬ್ಬರು 1942 ಮತ್ತು 1943ರಲ್ಲಿ ತೆಗೆದ ವಿಮಾನಚಿತ್ರಗಳು ಲೋಕವನ್ನೆಲ್ಲ ಸುತ್ತಿವೆ. ನೋಡಿದವರು ಹೊಗಳಿಯೂ ಇದ್ದಾರೆ. ಹೊಗಳಿಕೆಗೆ ಅವು ಅರ್ಹವೇ ಸರಿ. ಆದರೆ ನೋಡುವವನ ಬೆರಗು ಚಿತ್ರದ ಗುಣದಿಂದ ಹುಟ್ಟಿದುದೋ, ಬರಿಯ ಅಪೂರ್ವತೆಯಿಂದ ಹುಟ್ಟಿದುದೋ, ಅಥವಾ ಚಿತ್ರವನ್ನು ತೆಗೆಯಿಸಿದವರ ಇಚ್ಛೆಯಿಂದಲೇ ಹುಟ್ಟಿದುದೋ ಎಂಬುದನ್ನು ವಿಚಾರಿಸದೆ ಬಿಡುವುದು ವಿಮರ್ಶೆಯಾಗಲಾರದು.

ಅಪೂರ್ವತೆಯ ವಿಷಯವನ್ನು ಬೇಗ ಮುಗಿಸಬಹುದು. ಈ ಸಂಗ್ರಹದ ಕಪ್ಪುಬಿಳುಪಿನ ಪ್ರತಿಗಳು ಒಂದು ಲಕ್ಷ ಎಪ್ಪತ್ತು ಸಾವಿರಕ್ಕೆ ಮೇಲ್ಪಟ್ಟಿವೆ. ಬಣ್ಣದವು ಸುಮಾರು 1,600 ಮಾತ್ರ. ಅಂದರೆ ನೂರಕ್ಕೆ ಒಂದೂ ಬಾರದು. ಬ್ರಿಟನ್ನಿನ ಸ್ಥಿತಿಯೂ ಇದಕ್ಕಿಂತ ಹೆಚ್ಚು ಬೇರೆಯಲ್ಲ: ಅಲ್ಲಿಯ ವಾರ್ತಾಸಚಿವಾಲಯವು ತೆಗೆಯಿಸಿದ ವರ್ಣಚಿತ್ರಗಳು ಸುಮಾರು ಮೂರು ಸಾವಿರವಾಗಿದ್ದು, ಅವುಗಳಲ್ಲಿ ಉಳಿದು ಇಂಪೀರಿಯಲ್ ಯುದ್ಧವಸ್ತುಸಂಗ್ರಹಾಲಯವನ್ನು ಸೇರಿದವು ಅರ್ಧದಷ್ಟು. ಜರ್ಮನರಿಗೆ 1936ರಿಂದ ಆಗ್ಫಾ ಎಂಬ ತಮ್ಮದೇ ಆದ ವರ್ಣಫಿಲ್ಮ್ ಇದ್ದಿತು. ಅದರ ಫಲಗಳ ಕಥೆಯು ಬೇರೆಯೇ ಒಂದು ಲೇಖನಕ್ಕೆ ವಸ್ತುವಾಗಬಲ್ಲುದು.

ಅಮೆರಿಕದ ಚಿತ್ರಗಳಿಗೆ ಬಳಸಿದುದು ಕೋಡಾಕ್ರೋಮ್ ಎಂಬ ಫಿಲ್ಮ್. ಪಿಟೀಲು ಮತ್ತು ಪಿಯಾನೋ ವಾದನದಲ್ಲಿ ಪರಿಶ್ರಮವುಳ್ಳ ಗೊಡೋವ್ಸ್ಕಿ, ಮಾನ್ನೆಸ್ ಎಂಬ ಇಬ್ಬರು ಸಂಗೀತಗಾರರು ಇದನ್ನು ಕಂಡುಹಿಡಿದರೆಂಬುದು ರಸಿಕರಿಗೆ ಸಂತೋಷ ಕೊಡುವ ಸಂಗತಿ. 1935ರಲ್ಲಿ ಅದು ಚಲಚ್ಚಿತ್ರಕ್ಕಾಗಿ ಮಾರಾಟಕ್ಕೆ ಬಂದಿತು. ಕೆಲವು ವರ್ಷಗಳಲ್ಲಿಯೇ ದೊಡ್ಡ ಕ್ಯಾಮರಾಗಳಿಗೆ ಹಾಳೆಗಳಾಗಿಯೂ ದೊರೆಯಿತು. ಒಂದರ ಮೇಲೊಂದರಂತೆ ಹಚ್ಚಿದ ಮೂರು ಪದರಗಳು ಬೆಳಕಿನ ನೀಲಿ, ಹಸಿರು, ಕೆಂಪು ಅಂಶಗಳನ್ನು ಬೇರೆ ಬೇರೆಯಾಗಿ ಹಿಡಿಯುವುವು. ವರ್ಣದ್ರವ್ಯಗಳು ಮೊದಲು ಫಿಲ್ಮಿನಲ್ಲಿಯೇ ಇರದೆ, ತೊಳೆಯುವ ಕಾಲದಲ್ಲಿ ಆಯಾ ಪದರಕ್ಕೆ ಕೂಡಿಕೊಳ್ಳುವುವು. ಕತ್ತಲಲ್ಲಿ ಜೋಪಾನವಾಗಿಟ್ಟರೆ ಈ ಬಣ್ಣಗಳು ಬಹುಕಾಲ ಮಾಸುವುದಿಲ್ಲ. ಎಂಬತ್ತು ವರ್ಷಗಳ ಮೇಲೆಯೂ ಚಿತ್ರವು ನಿನ್ನೆ ತೆಗೆದಂತೆ ತೋರುವುದರ ಗುಟ್ಟು ಇದೇ. ಆದರೆ ಈ ಫಿಲ್ಮ್ ಬೆಳಕನ್ನು ಹಿಡಿಯುವುದರಲ್ಲಿ ಬಲು ಮಂದ. ಆಗಿನ ಒಳ್ಳೆಯ ಕಪ್ಪುಬಿಳುಪಿನ ಫಿಲ್ಮಿಗೆ ಬೇಕಾದುದಕ್ಕಿಂತ ಸುಮಾರು ಹತ್ತರಷ್ಟು ಬೆಳಕು ಇದಕ್ಕೆ ಬೇಕಾಗುತ್ತಿದ್ದಿತು.

ಈ ಒಂದು ಮಂದತ್ವವನ್ನು ಮರೆತರೆ ಈ ಚಿತ್ರಗಳಲ್ಲಿ ಯಾವುದೂ ಸರಿಯಾಗಿ ಅರ್ಥವಾಗುವುದಿಲ್ಲ. ಬೆಳಕು ಹೆಚ್ಚು ಬೇಕಾದುದರಿಂದ ಹೊರಗಾದರೆ ಪ್ರಖರವಾದ ಬಿಸಿಲು, ಒಳಗಾದರೆ ದೊಡ್ಡ ದೀಪಗಳು. ಎದುರಿಗಿದ್ದವನು ಕದಲದೆ ನಿಲ್ಲಬೇಕು. ಪೆಸಿಫಿಕ್ ಸಾಗರದ ಉರಿಬಿಸಿಲಿನಲ್ಲಿ ಜಾನ್ ಫೋರ್ಡನು 1942ರಲ್ಲಿ ಮಿಡ್‌ವೇ ಕಾಳಗವನ್ನು ಬಣ್ಣದ ಚಲಚ್ಚಿತ್ರವಾಗಿ ಹಿಡಿದುದುಂಟು. ಆದರೆ ದೊಡ್ಡ ಹಾಳೆಗಳ ಮೇಲಿನ ಈ ಸ್ಥಿರಚಿತ್ರಗಳಲ್ಲಿ ಕಾಣುವುದು ಕಾರ್ಖಾನೆ, ಅಭ್ಯಾಸದ ನೆಲೆ, ದುರಸ್ತಿಯ ಷೆಡ್ಡು ಇವಿಷ್ಟೆ. ಇವು ಯುದ್ಧದ ಚಿತ್ರಗಳಲ್ಲ, ಯುದ್ಧಸಿದ್ಧತೆಯ ಚಿತ್ರಗಳು. ತೆಗೆಯಿಸಿದವರೋ ಸರಕಾರದ ಪ್ರಚಾರಾಧಿಕಾರಿಗಳು. ಹೀಗೆ ಫಿಲ್ಮಿನ ಸ್ವಭಾವವೂ ಸರಕಾರದ ಅಗತ್ಯವೂ ಒಂದೇ ದಿಕ್ಕಿಗೆ ಎಳೆದುವು. ಎರಡಕ್ಕೂ ಬೇಕಾಗಿದ್ದುದು ಬೆಳಕು, ಸ್ವಚ್ಛತೆ, ಸ್ಥೈರ್ಯ.

ಭರತಮುನಿಯು ರಸಗಳಿಗೆ ಬಣ್ಣಗಳನ್ನು ಹೇಳಿರುವನಷ್ಟೆ. ವೀರಕ್ಕೆ ಗೌರ, ಅದ್ಭುತಕ್ಕೆ ಪೀತ, ಭಯಾನಕಕ್ಕೆ ಕೃಷ್ಣ, ಕರುಣಕ್ಕೆ ಕಪೋತವರ್ಣ. ಈ ಮಾತನ್ನು ಯಂತ್ರದಂತೆ ಎಲ್ಲೆಡೆಗೂ ಅನ್ವಯಿಸುವುದು ಹಾಸ್ಯಾಸ್ಪದವಾದೀತು. ಆದರೂ ಈ ಚಿತ್ರಗಳ ಮುಂದೆ ಅದು ತಾನಾಗಿಯೇ ನೆನಪಿಗೆ ಬರುವುದು. ಕಾರ್ಖಾನೆಯ ಚಿತ್ರಗಳಲ್ಲೆಲ್ಲ ಒಂದು ಹಳದಿ ಹರಡಿಕೊಂಡಿದೆ. ಅಲ್ಯುಮಿನಿಯಂ ಕಿಲುಬದಂತೆ ಬಳಿಯುತ್ತಿದ್ದ ಜಿಂಕ್ ಕ್ರೋಮೇಟಿನ ಹಸಿರುಹಳದಿ ಒಂದು ಕಡೆ. ಅಭ್ಯಾಸವಿಮಾನಗಳು ದೂರದಿಂದಲೇ ಕಾಣಲೆಂದು ಹಚ್ಚುತ್ತಿದ್ದ ಕಿತ್ತಳೆಹಳದಿ ಇನ್ನೊಂದು ಕಡೆ. ಇವು ಛಾಯಾಗ್ರಾಹಕನ ಕಲ್ಪನೆಗಳಲ್ಲ, ಇದ್ದ ಬಣ್ಣಗಳೇ. ಆದರೆ ಅವುಗಳನ್ನು ಆಯ್ದು ಎದುರಿಗಿಟ್ಟವನು ಅವನು. ವೀರ ಮತ್ತು ಅದ್ಭುತಗಳು ಇಲ್ಲಿ ಧಾರಾಳವಾಗಿವೆ. ಭಯಾನಕಕ್ಕೆ ಎಡೆಯೇ ಇಲ್ಲ.

ಇದಕ್ಕೆ ಒಳ್ಳೆಯ ಉದಾಹರಣೆ ಪಾಮರನು 1942ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದ ಲಾಂಗ್ ಬೀಚಿನಲ್ಲಿ, ಡಗ್ಲಾಸ್ ಕಾರ್ಖಾನೆಯೊಳಗೆ ತೆಗೆದ ಚಿತ್ರ. ಬಾಂಬು ಹಾಕುವ ವಿಮಾನಗಳಿಗೆ ಜೋಡಿಸಬೇಕಾದ ಪಾರದರ್ಶಕವಾದ ಮೂತಿಗಳು ಸಾಲಾಗಿ ನಿಂತಿವೆ. ಹೆಂಗಸರು ಅವುಗಳನ್ನು ಒಪ್ಪಮಾಡುತ್ತಿರುವರು. ಚಾವಣಿಯ ದೀಪಗಳು ಒಂದೊಂದು ಮೂತಿಯಲ್ಲಿಯೂ ಪ್ರತಿಬಿಂಬಿಸಿವೆ. ನೋಡಲು ನಿಜವಾಗಿಯೂ ಸುಂದರ. ಜತೆಗೆ ಕೊಟ್ಟಿರುವ ವಿವರಣೆಯು, ಈ ದೀಪಗಳ ಸ್ಥಾನದಲ್ಲಿ ಬೇಗನೆ ಬರ್ಲಿನ್ ಮತ್ತು ಟೋಕಿಯೋಗಳ ಮೇಲಿನ ನಕ್ಷತ್ರಗಳು ಹೊಳೆಯುವುವೆಂಬ ಅರ್ಥದ ಮಾತನ್ನು ಹೇಳುವುದು. ಉತ್ಪ್ರೇಕ್ಷಾಲಂಕಾರದಲ್ಲಿ ದೋಷವಿಲ್ಲ, ಗುಮಾಸ್ತೆಯೊಬ್ಬನ ಕೈಗೆ ಇಷ್ಟು ಬಂದುದು ಆಶ್ಚರ್ಯವೇ. ಆದರೆ ವಿಮಾನದ ಮೂತಿಯಲ್ಲಿ ಕುಳಿತವನು ನಕ್ಷತ್ರವನ್ನು ನೋಡುವುದಕ್ಕಾಗಿ ಅಲ್ಲಿ ಕುಳಿತಿರುವುದಿಲ್ಲ. ಅವನ ನೋಟ ಕೆಳಕ್ಕೆ. ಕೆಳಗೆ ಏನಿದ್ದಿತೆಂಬುದನ್ನು ಆ ಅಲಂಕಾರವು ಬಲು ಜಾಣತನದಿಂದ ಮುಚ್ಚಿದೆ. ಕಪ್ಪುಬಿಳುಪಿನಲ್ಲಿ ಈ ಮಾತು ಇಷ್ಟು ಸುಲಭವಾಗಿ ನಿಲ್ಲುತ್ತಿರಲಿಲ್ಲ. ಬಣ್ಣದ ಹೊಳಪು ಅದಕ್ಕೆ ಊರೆಗೋಲಾಯಿತು.

ಹೊಲೆಮನು 1942ರ ಆಗಸ್ಟಿನಲ್ಲಿ ಟೆಕ್ಸಾಸಿನ ಕಾರ್ಪಸ್ ಕ್ರಿಸ್ಟಿಯ ನೌಕಾವಿಮಾನ ನೆಲೆಯಲ್ಲಿ ತೆಗೆದ ಚಿತ್ರಗಳು ಇದಕ್ಕಿಂತ ಶಾಂತವಾದುವು, ತೂಕದಲ್ಲಿಯೂ ಮೇಲಾದುವು. ಅವುಗಳಲ್ಲೊಂದರಲ್ಲಿ ಹೆಂಗಸೊಬ್ಬಳು ರೆಕ್ಕೆಯ ಮೇಲೆ ರಾಷ್ಟ್ರಚಿಹ್ನೆಯನ್ನು ಬರೆಯುತ್ತಿರುವಳು. ಹಿಂದೆ ಆಕೆಯು ಕಚೇರಿಯಲ್ಲಿ ಕೆಲಸಮಾಡುತ್ತಿದ್ದವಳು. ಗಂಡನು ವಿಮಾನವಿದ್ಯೆಯನ್ನು ಕಲಿಸುವವನು. ವಿವರಣೆಯು ಆಕೆಯ ದೇಶಾಭಿಮಾನವನ್ನು ಎತ್ತಿ ಆಡುವುದು. ಚಿತ್ರವಾದರೋ ಕುಂಚ ಹಿಡಿದ ಕೈಯ ನಿಧಾನವನ್ನು ಮಾತ್ರ ತೋರುವುದು. ನೀಲಿಯ ವೃತ್ತ, ಅದರೊಳಗೆ ಬಿಳಿಯ ನಕ್ಷತ್ರ. ಮೇ 1942ರವರೆಗೆ ಆ ನಕ್ಷತ್ರದ ನಡುವೆ ಕೆಂಪು ಬೊಟ್ಟೊಂದು ಇದ್ದಿತು. ಜಪಾನೀ ವಿಮಾನಗಳ ಕೆಂಪು ಸೂರ್ಯನೆಂದು ಗುಂಡು ಹಾರಿಸುವವರು ಭ್ರಮಿಸಬಾರದೆಂದು ಅದನ್ನು ಅಳಿಸಿದರು. ಇದೇ ಕಾರಣದಿಂದ ಭಾರತ ಮತ್ತು ಬರ್ಮಾಗಳಲ್ಲಿ ಹಾರುತ್ತಿದ್ದ ಬ್ರಿಟಿಷ್ ಮತ್ತು ಭಾರತೀಯ ವಿಮಾನಗಳ ಚಿಹ್ನೆಯಿಂದಲೂ ಕೆಂಪು ಮಾಯವಾಯಿತು. ಅಂದಮೇಲೆ ಬಣ್ಣವು ಇಲ್ಲಿ ಬರಿಯ ಸೊಗಸಲ್ಲ, ಸಾವುಬದುಕಿನ ವಿಷಯ. ಕಪ್ಪುಬಿಳುಪಿನ ಚಿತ್ರದಲ್ಲಿ ಕೆಂಪೂ ನೀಲಿಯೂ ಎಷ್ಟೋ ಬಾರಿ ಒಂದೇ ಬೂದಿಯಾಗಿ ಬೆರೆತುಹೋಗುವುದರಿಂದ, ಇತಿಹಾಸಕಾರನಿಗೆ ಇಂತಹ ಒಂದು ಚಿತ್ರವು ಹತ್ತು ದಾಖಲೆಗಳಿಗೆ ಸಮಾನ. (ಇತ್ತೀಚೆಗೆ ಹಳೆಯ ಕಪ್ಪುಬಿಳುಪಿನ ಚಿತ್ರಗಳಿಗೆ ಯಂತ್ರದಿಂದ ಬಣ್ಣ ಬಳಿಯುವ ಚಾಪಲ್ಯವು ಹೆಚ್ಚಿದೆ. ಅಲ್ಲಿ ಕಾಣುವುದು ಊಹೆ, ಸಾಕ್ಷ್ಯವಲ್ಲ.)

ಅದೇ ನೆಲೆಯ ಇನ್ನು ಕೆಲವು ಚಿತ್ರಗಳಲ್ಲಿ ಕ್ಯಾಟಲೀನಾ ಎಂಬ ಹಾರುದೋಣಿ ಕಾಣಬರುವುದು. ತಳವು ದೋಣಿಯದು, ನೆತ್ತಿಯ ಮೇಲೆ 104 ಅಡಿಯ ಒಂದೇ ರೆಕ್ಕೆ, ಅದರಲ್ಲಿ ಎರಡು ಎಂಜಿನು. ಚೆಲುವಿನಲ್ಲಿ ಇದು ಬೇರೆ ವಿಮಾನಗಳಿಗೆ ಸಾಟಿಯಲ್ಲ, ವೇಗವೂ ಅಷ್ಟಕ್ಕಷ್ಟೆ. ಯುವಕ ನಾವಿಕನೊಬ್ಬನು ಅದರೊಳಗೆ ಆಗತಾನೆ ಕೂಡಿಸಿದ ಮೆಷಿನ್‌ಗನ್ನನ್ನು ಹಿಡಿದು ನೋಡುತ್ತಿರುವನು. ಭಂಗಿಯು ಹೇಳಿ ಮಾಡಿಸಿದುದೆಂಬುದು ಸ್ಪಷ್ಟ. ಆದರೆ ಆ ಹಾರುದೋಣಿಯ ಬಣ್ಣವನ್ನು ಯಾರೂ ಪ್ರಚಾರಕ್ಕಾಗಿ ಆರಿಸಿದುದಲ್ಲ: ಮೇಲೆ ಬೂದುನೀಲಿ, ಕೆಳಗೆ ತಿಳಿಬೂದಿ, ಮೇಲಿನಿಂದ ನೋಡಿದರೆ ಕಡಲಿನಲ್ಲಿ, ಕೆಳಗಿನಿಂದ ನೋಡಿದರೆ ಮೋಡದಲ್ಲಿ ಕರಗಿಹೋಗಲೆಂದು ನೌಕಾದಳವು ಬಳಿಸಿದುದು. ಸಂಗ್ರಹದಲ್ಲೆಲ್ಲ ಹುಡುಕಿದರೂ ದೊರೆಯದ ಕಪೋತವರ್ಣವು ಹೀಗೆ ಅನಪೇಕ್ಷಿತವಾಗಿ ಇಲ್ಲಿ ಒದಗಿದೆ.

ಅದು ಅನುಚಿತವೂ ಅಲ್ಲ. ಕ್ಯಾಟಲೀನಾದ ಮುಖ್ಯ ಕೆಲಸ ಕೊಲ್ಲುವುದಕ್ಕಿಂತ ಹೆಚ್ಚಾಗಿ ಹುಡುಕುವುದು. ಜಪಾನೀ ನೌಕಾಪಡೆಯು ಸಿಂಹಳದ್ವೀಪಕ್ಕೆ ಬರುತ್ತಿರುವುದನ್ನು 1942ರ ಏಪ್ರಿಲ್ 4ರಂದು ಮೊದಲು ಕಂಡುದು ಕೊಗ್ಗಲದ ಸರೋವರದಿಂದ ಹಾರಿದ ಒಂದು ಕ್ಯಾಟಲೀನಾ. ಸುದ್ದಿಯನ್ನು ಕಳುಹಿಸುತ್ತಿರುವಾಗಲೇ ಅದನ್ನು ಹೊಡೆದುರುಳಿಸಿದರು; ಅದರ ನಾಯಕನಾದ ಕೆನಡದ ಬರ್ಚಲ್ ಸೆರೆಸಿಕ್ಕಿದನು. 1945ರ ಆಗಸ್ಟಿನಲ್ಲಿ, ಇಂಡಿಯಾನಪೊಲಿಸ್ ಎಂಬ ಯುದ್ಧನೌಕೆ ಮುಳುಗಿ ದಿನಗಳ ಮೇಲೆ, ಏಡ್ರಿಯನ್ ಮಾರ್ಕ್ಸ್ ಎಂಬವನು ತನ್ನ ಕ್ಯಾಟಲೀನಾವನ್ನು ತೆರೆಯೆದ್ದ ಸಾಗರದ ಮೇಲೆಯೇ ಇಳಿಸಿ, ನೀರಿನಲ್ಲಿದ್ದ 56 ಜನರನ್ನು ಹತ್ತಿಸಿಕೊಂಡನು. ಒಳಗೆ ಸ್ಥಳ ಸಾಲದೆ ಕೆಲವರನ್ನು ರೆಕ್ಕೆಯ ಮೇಲೆ ಮಲಗಿಸಿ ಕಟ್ಟಬೇಕಾಯಿತು.

ಕನ್ನಡನಾಡಿಗೂ ಈ ಚಿತ್ರಗಳಿಗೂ ಇರುವ ನಂಟು ಕೃತಕವಾದುದಲ್ಲ. 1940ರಲ್ಲಿ ವಾಲಚಂದ ಹೀರಾಚಂದರ ಸಾಹಸದಿಂದಲೂ ಮೈಸೂರು ಸಂಸ್ಥಾನದ ನೆರವಿನಿಂದಲೂ ಬೆಂಗಳೂರಿನಲ್ಲಿ ಹುಟ್ಟಿದ ಹಿಂದೂಸ್ಥಾನ್ ವಿಮಾನಕಾರ್ಖಾನೆಯು 1943ರಲ್ಲಿ ಅಮೆರಿಕದ ವಾಯುಬಲದ ವಶಕ್ಕೆ ಬಂದು ದುರಸ್ತಿಯ ದೊಡ್ಡ ಕೇಂದ್ರವಾಯಿತು. ಅಲ್ಲಿ ಮೊದಲು ಬಿಚ್ಚಿ ಜೋಡಿಸಿದುದೇ ಒಂದು ಕ್ಯಾಟಲೀನಾ. ಪಾಮರನು 1943ರ ಫೆಬ್ರವರಿಯಲ್ಲಿ ಟೆನೆಸ್ಸಿಯ ನ್ಯಾಷ್‌ವಿಲ್ಲಿನ ಕಾರ್ಖಾನೆಯಲ್ಲಿ, ಕೈಬೈರಿಗೆ ಹಿಡಿದು ವೆಂಜಿಯನ್ಸ್ ಎಂಬ ವಿಮಾನದ ಮೇಲೆ ದುಡಿಯುತ್ತಿರುವ ಹೆಂಗಸಿನ ಚಿತ್ರವನ್ನು ತೆಗೆದನು. ಅದೇ ಜಾತಿಯ ವಿಮಾನಗಳನ್ನು ಭಾರತೀಯ ವಾಯುದಳದ 7 ಮತ್ತು 8ನೆಯ ಸ್ಕ್ವಾಡ್ರನ್ನುಗಳು ಬರ್ಮಾ ರಣರಂಗದಲ್ಲಿ ಹಾರಿಸಿದುವು. ಯಾರೋ ಕೊರೆದ ರಂಧ್ರ, ಯಾರೋ ಬಡಿದ ರಿವೆಟ್ಟು, ಅದರ ಭರವಸೆಯ ಮೇಲೆ ಅರಾಕಾನಿನ ಕಾಡಿನ ಮೇಲೆ ನೆಟ್ಟಗೆ ಧುಮುಕಿದ ತರುಣ! ಈ ದೃಷ್ಟಿಯಿಂದ ನೋಡಿದಾಗ ಆಕೆಯ ಏಕಾಗ್ರತೆಗೆ ವಿವರಣೆಯ ಹೊಗಳಿಕೆ ಬೇಕೇ ಆಗುವುದಿಲ್ಲ.

ಪ್ರಚಾರಕ್ಕಾಗಿ ಹುಟ್ಟಿದುವೆಂಬ ಕಾರಣದಿಂದ ಈ ಚಿತ್ರಗಳನ್ನು ತಳ್ಳಿಹಾಕುವವರೂ ಉಂಟು. ಅದು ಅವಿಚಾರ. ರಾಜಾಶ್ರಯದ ಕಾವ್ಯವನ್ನೆಲ್ಲ ಹಾಗೆಯೇ ತಳ್ಳಬೇಕಾದೀತು. ಆಜ್ಞೆಯಂತೆ ನಿಂತ ಜನರೂ ತಮ್ಮ ಕೈಗಳನ್ನು ಮರೆತಿರುತ್ತಾರೆ. ಕೈಯ ಕೆಲಸವು ಸುಳ್ಳು ಹೇಳುವುದಿಲ್ಲ. ಹೊಳೆಯುವ ಆಕಾಶದಲ್ಲಿ ವಿಮಾನವೊಂದೇ ತೇಲುವ ಚಿತ್ರಗಳು ಮಾತ್ರ ಎಷ್ಟು ಅಂದವಾಗಿದ್ದರೂ ಬೇಗ ಹಳಸುವುವು; ಅಲ್ಲಿ ಯಂತ್ರವೊಂದು ಇದೆಯೇ ಹೊರತು ಮನುಷ್ಯನಿಲ್ಲ.

ಚಿತ್ರವನ್ನು ವಿವರಣೆಯಿಂದ ಬೇರ್ಪಡಿಸಿ ಅಚ್ಚುಮಾಡುವುದು ಸಲ್ಲದು. ವಿವರಣೆಯು ಅತಿಯಾಡಿದರೂ ಸರಿಯೆ, ಅದೂ ಆ ಕಾಲದ ಸಾಕ್ಷ್ಯ. ಕಾರ್ಪಸ್ ಕ್ರಿಸ್ಟಿಯ ಒಂದು ಚಿತ್ರದಲ್ಲಿ ಇಬ್ಬರು ಹೆಂಗಸರಿರುವರು. ಬೆಳಕು ಚೆನ್ನಾಗಿದೆ, ಬಣ್ಣಗಳು ಉಳಿದ ಚಿತ್ರಗಳಲ್ಲಿರುವಂತೆಯೇ ಗೆಲುವಾಗಿವೆ. ಕೆಳಗಿನ ಎರಡು ಸಾಲುಗಳಿಂದ ತಿಳಿಯುವುದೇನೆಂದರೆ, ಅವರಲ್ಲಿ ಒಬ್ಬಳು ದುರಸ್ತಿಯ ವಿಭಾಗದಲ್ಲಿ ಮೇಲ್ವಿಚಾರಕಿ. ಬೇರೆ ಸೀಮೆಗಳಿಂದ ಕೆಲಸಕ್ಕೆ ಬಂದ ಹೆಂಗಸರಿಗೆ ವಾಸಕ್ಕೆ ಅನುಕೂಲವಾದ ಮನೆಯನ್ನು ಹುಡುಕಿಕೊಡುವುದು ಆಕೆಯ ಹೊಣೆ. ಆಕೆಯ ಗಂಡನು ಈ ಯುದ್ಧದಲ್ಲಿ ಮೊದಮೊದಲು ಮಡಿದವರಲ್ಲಿ ಒಬ್ಬನು.